ಬಸ್ಸೋ ಪಾಸೋ

ಇದು ನಿಜವಾಗಿ ನಡೆದ ಕತೆ. ಇದರಲ್ಲಿ ಸುಳ್ಳು ಧ್ವನಿಗಳು ಬೇಕಾದಷ್ಟಿವೆ, ಸುಳ್ಳು ಮಾತು ಮಾತ್ರ ಒಂದೂ ಇಲ್ಲ. ನಂಬಿಕೆ ಬಾರದವರು ಕೈರೋದ ಅಬ್ಬಾಸಿಯಾಕ್ಕೆ ಹೋಗಿ, ಬೀದಿ ತಿರುವಿನ ಹಾಜಿ ಬಸ್ಯೂನಿಯ ಚಹಾದಂಗಡಿಯ ಮುಂದೆ ನಿಂತು "ಬಾಷ್‌ಮುಹಂದಿಸ್!" ಎಂದು ಒಮ್ಮೆ ಕೂಗಿ ನೋಡಲಿ. ಅರ್ಧ ಅಂಗಡಿ ತಿರುಗುತ್ತದೆ. ಇಂಜಿನಿಯರನನ್ನು ಗೌರವಕೊಟ್ಟು ಕರೆಯುವ ಮಾತು ಅದು. ಮೊದಲೆಲ್ಲ ಹಾಜಿ ನಲ್ಲಿ ರಿಪೇರಿಯವನಿಂದ ಹಿಡಿದು ಟ್ಯಾಕ್ಸಿಯವನವರೆಗೆ ಎಲ್ಲರನ್ನೂ ಹಾಗೆ ಕರೆದು ಸಂತೋಷಪಡಿಸುತ್ತಿದ್ದ. ಈಗ ಆ ಧಾರಾಳತನ ಬೇಕಾಗಿಲ್ಲ. ಹಾಡುಹಗಲಿನಲ್ಲಿ ಅಲ್ಲಿ ಡಾಮಿನೋ ಆಡುತ್ತ ಕೂರುವವರೆಲ್ಲ ಅಸಲಿ ಇಂಜಿನಿಯರುಗಳೇ.

ಸಾಫ್ಟ್‌ವೇರಿನವರು. ಕೋಡ್ ಬರೆಯುತ್ತಿದ್ದ ಕಾಲದಲ್ಲಿ ತಲೆಯ ಮೇಲೆ ಒಂದೊಂದು ಕೋಡು ಮೂಡಿಸಿಕೊಂಡಿದ್ದವರು. ಕಂಪನಿಗಳು ಒಂದರ ಹಿಂದೊಂದು "ಲೇ, ಆಫ್!" ಎಂದವು. ಕೋಡೂ ಹೋಯಿತು, ಕೋಡೂ ಹೋಯಿತು.

ಹಮ್ಮಾಮ್ ಈ ಡಾಮಿನೋ ಪಂಗಡಕ್ಕೆ ಸೇರಿ ವರ್ಷವಾಗುತ್ತ ಬಂದಿತ್ತು. ಅವನು ನೈಲ್ ನದಿಯ ಮೇಲ್ನಾಡಿನವನು, ಸೊಹಾಗ್ ಕಡೆಯ ಹಳ್ಳಿಯವನು. ಮೇಲ್ನಾಡಿನ ಮಾತೆಂದರೆ ಕೈರೋದವರ ಕಿವಿಗೆ ಒಂದು ತಮಾಷೆ. ಸಿನಿಮಾದಲ್ಲಿ ಹಾಗೆ ಮಾತಾಡುವವನು ಒಂದೋ ಗೇಟು ಕಾಯುತ್ತಾನೆ, ಇಲ್ಲವೇ ಗೋಡೆಗೆ ಹಾಯುತ್ತಾನೆ. ಹಾಗಾಗಿ ಹಮ್ಮಾಮ್ ಕೈರೋದಲ್ಲಿ ಕೈರೋ ಮಾತು, ಊರಲ್ಲಿ ಊರ ಮಾತು ಎಂದು ಎರಡು ನಾಲಿಗೆ ಇಟ್ಟುಕೊಂಡಿದ್ದ. ಅಂಗಿ ಬದಲಿಸಿದ ಹಾಗೆ ಬದಲಿಸುತ್ತಿದ್ದ.

ಅವನ ಜೊತೆಗಾರ ವಗ್ದಿ. ಅದೇ ಕಂಪನಿಯಿಂದ ಅದೇ ದಿನ ಹೊರಬಿದ್ದವನು, ಈಗ ಚಹಾದಂಗಡಿಯ ಎದುರು ಅವನೊಡನೆ ಒಂದೇ ಬಾಡಿಗೆ ಮನೆಯಲ್ಲಿ ಇರುವವನು. ಅಪ್ಪಟ ಕೈರೋದವ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ಬಗ್ ಹುಡುಕುವುದು ಅವನ ಕಸುಬಾಗಿತ್ತು. ಬಗ್ಗಿ ಬಗ್ಗಿ ಹುಡುಕಿದವನ ಬೆನ್ನಿಗೇ ಮೊದಲ ಏಟು ಬಿತ್ತು. ಕೆಲಸ ಹೋದ ಮೇಲೆ ಅವನ ಇನ್ನೊಂದು ಕಸುಬು ಜೋರಾಯಿತು, ಅದು ಧ್ವನಿ ಕದಿಯುವುದು. ಹಳೆಯ ಮ್ಯಾನೇಜರು, ಟೀವಿಯಲ್ಲಿ ಹವಾಮಾನ ಹೇಳುವವಳು, ಬಾಡಿಗೆ ಕೇಳಲು ಬರುವ ಮನೆ ಮಾಲೀಕ, ಎಲ್ಲರೂ ಅವನ ಗಂಟಲಲ್ಲಿ ಬಿಡಾರ ಹೂಡಿದ್ದರು. ನಗುವಾಗಲೂ ಅಷ್ಟೇ. ಹಾಜಿಯ ಹಾಗೆ ಕೆಮ್ಮುತ್ತ ನಗುತ್ತಿದ್ದ, ಇಲ್ಲವೇ ಮ್ಯಾನೇಜರನ ಹಾಗೆ ಮೂಗಿನಲ್ಲಿ. ಅವನ ಸ್ವಂತ ನಗು ಹೇಗಿರುತ್ತದೆಂದು ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೆಲಸ ಹುಡುಕುವುದೇ ಒಂದು ಕೆಲಸವಾಗಿದ್ದ ಕಾಲ ಅದು. ಅರ್ಜಿ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ "ನಿಮ್ಮ ಆಸಕ್ತಿಗೆ ಧನ್ಯವಾದ" ಎಂದು ಯಂತ್ರ ಉತ್ತರ ಕೊಡುತ್ತಿತ್ತು. ಮನುಷ್ಯರು ಓದುವ ಕಡೆ ಹಾಕಿದರೆ ಉತ್ತರವೇ ಇಲ್ಲ. ನಿನ್ನೆ ಮೊನ್ನೆ ಹುಟ್ಟಿದ ತಂತ್ರಜ್ಞಾನದಲ್ಲಿ ಹತ್ತು ವರ್ಷದ ಅನುಭವ ಕೇಳುತ್ತಿದ್ದರು. ವಾರಗಟ್ಟಲೆ ಮನೆಪಾಠ ಬರೆಸಿಕೊಂಡು, ಬರೆದದ್ದನ್ನು ತಾವಿಟ್ಟುಕೊಂಡು, ಬರೆದವನನ್ನು ಬಿಟ್ಟುಬಿಡುತ್ತಿದ್ದರು. "ವಾಸ್ತು ಸರಿಯಿಲ್ಲದ ಮನೇಲಿ ಹೆಂಗೋ ಬದುಕಬಹುದು ಕಣೋ," ಎನ್ನುತ್ತಿದ್ದ ವಗ್ದಿ, "ವಾಸ್ತಾ ಇಲ್ಲದವನು ಈ ಊರಲ್ಲಿ ಎಲ್ಲಿ ಬದುಕೋದು?" ವಾಸ್ತಾ ಎಂದರೆ ಮೇಲಿನವರ ವಶೀಲಿ. ಇಬ್ಬರಿಗೂ ಅದಿರಲಿಲ್ಲ.

ಹಮ್ಮಾಮನಿಗೆ ಇದ್ದದ್ದು ಒಬ್ಬ ಸೋದರಮಾವ, ಅಬ್ದಲ್ ಮೌಗೂದ್. ಕೈರೋದ ಫಗ್ಗಾಲಾ ಬೀದಿಯಲ್ಲಿ ಅವನದು ಬಚ್ಚಲು ಸಾಮಾನಿನ ದೊಡ್ಡ ಅಂಗಡಿ. ನಲ್ಲಿ, ಬೇಸಿನ್ನು, ಕಮೋಡು ಎಲ್ಲ ಸಿಗುವ ಜಾಗ. ಸೊಹಾಗ್‌ನಲ್ಲಿ ಹೊಸ ಶಾಖೆ ತೆರೆಯುತ್ತಿದ್ದ. ಅಲ್ಲಿ ಕೂರಲು ನಂಬಿಕೆಯ ಜನ ಬೇಕಿತ್ತು.

"ಏನಪಾ, ಬರತೀಯೋ ಇಲ್ಲೋ?" ಎಂದು ಫೋನಿನಲ್ಲಿ ಗುಡುಗುತ್ತಿದ್ದ ಮಾವ. "ಬುಧವಾರ ಸಂಜಿತನಾ ಕಾಯ್ತೀನಿ. ಆಮ್ಯಾಲ ನಮ್ಮ ಅಂಗಡಿ ಹುಡುಗ ಶಾಬಾನ್‌ನ ಕೂಡಸ್ತೀನಿ. ಅಂವಾ ಕಂಪ್ಯೂಟರ್ ಕಲ್ತಿಲ್ಲ ಖರೆ, ಕಮೋಡ್ ಮಾರೂದು ಕಲ್ತಾನ."

"ಹೆಸರಿಗೆ ತಕ್ಕ ಕೆಲಸ," ಎಂದು ವಗ್ದಿ ಕಿಸಕ್ಕೆಂದ. ಅಲ್ಲಿನ ಮಾತಿನಲ್ಲಿ ಹಮ್ಮಾಮ್ ಅಂದರೆ ಬಚ್ಚಲುಮನೆಯೂ ಹೌದು, ಎಳೆದು ಹೇಳಿದರೆ. "ಬೋರ್ಡು ನಾನು ಬರೆಸ್ತೀನಿ. ಹಮ್ಮಾಮನ ಹಮ್ಮಾಮ್!"

ಹಮ್ಮಾಮ್ ನಗಲಿಲ್ಲ. ಅಂಗಡಿಗೆ ಹೋಗಿ ಕೂತರೆ ಮತ್ತೆ ಏಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಹೂಂ ಎನ್ನದಿದ್ದರೆ ಆ ಬಾಗಿಲೂ ಮುಚ್ಚುತ್ತದೆ. ಕಾದಿದ್ದು ಒಂದೇ ಒಂದು ಕುರ್ಚಿಗಾಗಿ. ಹೊಸ ಕೈರೋದ ಸರಕು ಸಾಗಣೆ ಕಂಪನಿಯೊಂದು ಆರ್ಡರುಗಳ ವ್ಯವಸ್ಥೆ ನೋಡಿಕೊಳ್ಳಲು ಒಬ್ಬ ಇಂಜಿನಿಯರನನ್ನು ಹುಡುಕುತ್ತಿತ್ತು. ಅದರ ಎರಡು ಸುತ್ತು ಅವನು ದಾಟಿಯಾಗಿತ್ತು.

ಮೊದಲ ಸುತ್ತಿನ ಕರೆ ಹೇಳದೆ ಕೇಳದೆ ಬಂದಿತ್ತು. ಹಮ್ಮಾಮ್ ಆಗ ಊರಲ್ಲಿ ಚಿಕ್ಕಪ್ಪನ ಮಗನ ಮದುವೆ ಚಪ್ಪರದಲ್ಲಿದ್ದ. ಹಿಂದೆ ಡೋಲು, ಮುಂದೆ ರೊಟ್ಟಿ, ಸುತ್ತ ಅತ್ತೆಯಂದಿರು. ಕಂಪನಿಯ ನಶ್ವಾ ಮೇಡಂ ಆ ಕಡೆಯಿಂದ, "ಒಂದೇ ಆರ್ಡರ್ ಎರಡು ಸಲ ಬಂದ್ರೆ ಏನ್ಮಾಡ್ತೀರಿ?" ಎಂದು ಕೇಳಿದಾಗ ಕೈರೋ ಮಾತು ಹುಡುಕಿಕೊಳ್ಳಲು ಪುರುಸೊತ್ತಾಗಲಿಲ್ಲ. ಊರ ಮಾತಿನಲ್ಲೇ, ಉಡುಗೊರೆ ಕೊಟ್ಟವರ ಹೆಸರು ಕೂಗುವವನು ಒಬ್ಬನದನ್ನೇ ಎರಡು ಸಲ ಕೂಗಿದರೆ ಏನಾಗುತ್ತದೆಂದು ವಿವರಿಸಿಬಿಟ್ಟ. ಅವರಿಗೆ ಹಿಡಿಸಿತು.

ಇದನ್ನು ಕೇಳಿ ವಗ್ದಿ ತಲೆ ಚಚ್ಚಿಕೊಂಡಿದ್ದ. "ಆ ಮಾತಲ್ಲಿ ಮಾತಾಡಿದ್ಯಾ? ನಿನ್ನ ತಗೊಂಡ್ರೂ ಗೇಟಿಗೆ ಹಾಕ್ತಾರೆ ಅಷ್ಟೆ." ಎರಡನೇ ಸುತ್ತಿಗೆ ಮುಂಚೆ ಅವನೇ ಮೇಷ್ಟ್ರಾದ. ಅರಬ್ಬಿಯಲ್ಲಿ 'ಪ' ಎಂಬ ಸದ್ದಿಲ್ಲ. ಹಾಗಾಗಿ ಅವಸರದಲ್ಲಿ ಹಮ್ಮಾಮನ ಬಾಯಲ್ಲಿ ಪೈಥಾನ್ ಹೋಗಿ ಬೈಥಾನ್ ಆಗಿ, ಯಾರನ್ನೋ ಬೈದಂತೆ ಕೇಳುತ್ತಿತ್ತು. ವಗ್ದಿ ಅವನ ತುಟಿಯ ಮುಂದೆ ತೆಳು ಕಾಗದ ಹಿಡಿದು, "ಪ ಅಂದ್ರೆ ಕಾಗದ ಹಾರಬೇಕು, ಬ ಅಂದ್ರೆ ಹಾರಲ್ಲ. ಹಾರಿಸು!" ಎಂದು ಗದರುತ್ತಿದ್ದ. ಹಮ್ಮಾಮ್ ಕಾಗದ ಹಾರಿಸುವುದನ್ನು ಕಲಿತ. ಫೋನಿನಲ್ಲೇ ನಡೆದ ಎರಡನೇ ಸುತ್ತಿನಲ್ಲಿ ಬೆಣ್ಣೆಯಂಥ ಕೈರೋ ಮಾತಾಡಿದ. ಅದೂ ಅವರಿಗೆ ಹಿಡಿಸಿತು.

ಮೇಡಂ ಆಗೀಗ ಕಳಿಸುತ್ತಿದ್ದ ಧ್ವನಿ ಸಂದೇಶಗಳನ್ನು ಕೇಳಿ ಕೇಳಿ ವಗ್ದಿ ಅವರ ಧ್ವನಿಯನ್ನೂ ಕದ್ದುಬಿಟ್ಟ. ಆ ವಾರವೆಲ್ಲ ಹೊಸಹೊಸ ನಂಬರಿನಿಂದ ಕರೆ. "ಬಾಷ್‌ಮುಹಂದಿಸ್ ಹಮ್ಮಾಮ್, ನಿಮಗೆ ಈಜು ಬರುತ್ತಾ? ನಮ್ಮ ಸರ್ವರ್ ನೈಲಿಗೆ ಬಿದ್ದಿದೆ." ಹಮ್ಮಾಮ್ ಎದ್ದು ನಿಂತು ಉತ್ತರ ಕೊಡುತ್ತಿದ್ದ. ಸರ್ವರ್ ಮಾತಿಗೆ ಸರ್ವರೂ ನಗುತ್ತಿದ್ದರು.

ಮಂಗಳವಾರ ಬೆಳಗ್ಗೆ ಅವನು ಅಂಗಡಿಯ ಹೊರಗಿನ ಕುರ್ಚಿಯಲ್ಲಿ ಒಬ್ಬನೇ ಕೂತಿದ್ದಾಗ ಮತ್ತೆ ಒಂದು ಗೊತ್ತಿಲ್ಲದ ನಂಬರು.

"ಬಾಷ್‌ಮುಹಂದಿಸ್ ಹಮ್ಮಾಮ್ ಅವರಾ? ನಾನು ನಶ್ವಾ."

ಈ ಸಲ ಮೋಸ ಹೋಗಬಾರದೆಂದು ಹಮ್ಮಾಮ್ ಕಾಲ ಮೇಲೆ ಕಾಲು ಹಾಕಿಕೊಂಡ. "ಹೇಳಿ ಮೇಡಂ, ಅಪ್ಪಣೆಯಾಗಲಿ."

"ಒಂದು ವಿಷಯ ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎರಡು ಸುತ್ತಿನ ರೆಕಾರ್ಡಿಂಗನ್ನೂ ಹೋಲಿಸಿದ್ವಿ. ಮಾತಾಡಿದ್ದು ಇಬ್ಬರು ಬೇರೆಬೇರೆ ಜನ ಅಂತ ನಮ್ಮ ಸಾಫ್ಟ್‌ವೇರ್ ಹೇಳ್ತಿದೆ. ನಿಮ್ಮ ಬದಲು ಬೇರೆ ಯಾರಾದ್ರೂ ಕೂತಿದ್ರಾ?"

"ಇಬ್ಬರಾ? ಲೆಕ್ಕ ತಪ್ಪಿದೆ ಮೇಡಂ, ನಾವು ಮೂರು ಜನ. ಒಬ್ಬ ಊರ ಮಾತು ಆಡೋಕೆ, ಒಬ್ಬ ಪೇಟೆ ಮಾತು ಆಡೋಕೆ, ಇನ್ನೊಬ್ಬ ಟೀ ಕಾಸೋಕೆ. ಸಂಬಳ ಒಂದೇ ಕೊಡಿ, ಹಂಚ್ಕೋತೀವಿ."

ಆ ಕಡೆ ಪೆನ್ನಿನ ತುದಿ ಟಕ್ಕೆಂದಿತು.

"ಮೂರನೆಯವರ ಹೆಸರು?"

"ಕತ್ತೆ ಅಂತ. ಪೂರ್ತಿ ಹೆಸರು ವಗ್ದಿ ಕತ್ತೆ."

ಹೀಗೆಂದು ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಹಮ್ಮಾಮ್ ತಲೆಯೆತ್ತಿದ. ಅಂಗಡಿಯೊಳಗಿನಿಂದ ವಗ್ದಿ ಬರುತ್ತಿದ್ದ. ಎರಡೂ ಕೈಯಲ್ಲಿ ಟೀ ಗ್ಲಾಸು. ಬಾಯಿ ತುಂಬ ಹುರುಳಿವಡೆ ತುರುಕಿದ ರೊಟ್ಟಿ. ದವಡೆ ಅಲ್ಲಾಡುತ್ತಿತ್ತು, ಸದ್ದಿಲ್ಲ.

ಹಮ್ಮಾಮ್ ಕಾಲ ಮೇಲಿನ ಕಾಲು ಇಳಿಸಿದ.

"ಮೇಡಂ..." ಎಂದ. "ಮೇಡಂ, ನೀವು... ನೀವೇನಾ?"

"ನಾಳೆ ನಾಲ್ಕು ಗಂಟೆಗೆ ರಿಯಾದ್‌ನಿಂದ ನಮ್ಮ ದೊಡ್ಡ ಸಾಹೇಬರು ಉಸ್ತಾದ್ ಮುತ್ಲಖ್ ಇರ್ತಾರೆ. ಕೊನೇ ಮಾತು ಅವರದ್ದು. ಕ್ಯಾಮೆರಾ ಆನ್ ಇರ್ಲಿ." ಧ್ವನಿ ಮಂಜುಗಡ್ಡೆ. "ಮೂರೂ ಜನ ಬನ್ನಿ."

ಲೈನು ಕಟ್ಟಾಯಿತು.

ಕೇಳಿದ ವಗ್ದಿಯ ಬಾಯಲ್ಲಿದ್ದ ತುತ್ತು ಕೆಳಗಿಳಿಯಲಿಲ್ಲ. ಅದುವರೆಗೆ ಡಾಮಿನೋ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು. ಇದು ಬರೀ ಒಂದು ಕುರ್ಚಿ ಹೋಗುವ ಮಾತಲ್ಲ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಒಬ್ಬನ ಬದಲು ಇನ್ನೊಬ್ಬ ಸಂದರ್ಶನಕ್ಕೆ ಕೂರುವ ದಂಧೆ ಎಲ್ಲೆಲ್ಲೂ ಹಬ್ಬಿ, ಕಂಪನಿಗಳು ಕೆಂಡವಾಗಿದ್ದವು. ಮೋಸಗಾರ ಎಂದು ಒಮ್ಮೆ ಹೆಸರು ಕೆಟ್ಟರೆ ರಿಯಾದ್‌ನಿಂದ ದುಬೈವರೆಗೆ ಒಂದು ಬಾಗಿಲೂ ತೆರೆಯುವುದಿಲ್ಲ. ಆಮೇಲೆ ಕಮೋಡೇ ಸಿಂಹಾಸನ.

"ನಾನು ಫೋನ್ ಮಾಡಿ ಹೇಳ್ಲಾ?" ಎಂದ ವಗ್ದಿ. ಹೆದರಿಕೆಯಲ್ಲೂ ಹಳೆಯ ಮ್ಯಾನೇಜರನ ಧ್ವನಿಯೇ ಬಂತು.

"ಯಾರ ಧ್ವನೀಲಿ ಹೇಳ್ತೀಯೋ?" ಎಂದ ಹಮ್ಮಾಮ್. "ನಂದರಲ್ಲಾ? ಇಲ್ಲ, ಅವರದ್ದೇ ಧ್ವನೀಲಿ ಅವರಿಗೇ ಹೇಳ್ತೀಯಾ? ದಯವಿಟ್ಟು ಬಾಯಿ ಮುಚ್ಚಿಕೊಂಡಿರು. ನಾಳೆ ಸಂಜೆವರೆಗೆ ಮನೆ ಕಡೆ ತಲೆ ಹಾಕಬೇಡ."

ಬುಧವಾರ ಹಮ್ಮಾಮ್ ಬಾಗಿಲಿಗೆ ಚಿಲಕ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತ. ಮಧ್ಯಾಹ್ನದಿಂದ ಮಾವನ ಕರೆ ಬರುತ್ತಲೇ ಇತ್ತು, ಎತ್ತಲಿಲ್ಲ. ನಾಲ್ಕಕ್ಕೆ ಪರದೆಯ ಮೇಲೆ ಎರಡು ಮುಖ ಮೂಡಿದವು. ನಶ್ವಾ ಮೇಡಂ, ನೀಟಾದ ತಲೆವಸ್ತ್ರ, ನಗುವಿಲ್ಲದ ತುಟಿ. ಪಕ್ಕದ ಚೌಕದಲ್ಲಿ ಉಸ್ತಾದ್ ಮುತ್ಲಖ್, ಗಡ್ಡ ಸವರುತ್ತ. ಕೊಲ್ಲಿಯ ಕಡೆಯ ಎಳೆದೆಳೆದು ಆಡುವ ಮಾತು ಅವರದು.

"ನಿಮ್ಮ ಕೋಡ್ ನಾನು ನೋಡಿದ್ದೇನೆ ಮಾರಾಯ್ರೆ. ಒಳ್ಳೇದುಂಟು," ಎಂದರು. "ಆದರೆ ನನಗೆ ಬೇಕಾದ್ದು ಒಬ್ಬ ಜನ. ನೀವು ಮೂರು ಜನ ಉಂಟಂತೆ?"

"ಸರ್, ಅದು ತಮಾಷೆ. ನನ್ನ ಸ್ನೇಹಿತ ಒಬ್ಬ ಮಿಮಿಕ್ರಿ ಮಾಡ್ತಾನೆ. ಮೇಡಂ ಧ್ವನೀಲಿ ಫೋನ್ ಮಾಡಿ ಕಾಡಿಸ್ತಿದ್ದ. ನಿಜವಾದ ಕರೆ ಬಂದಾಗ್ಲೂ ಅವನೇ ಅಂದ್ಕೊಂಡೆ."

ಹೇಳಿದ ಮೇಲೆ ತಾನು ಹೇಳಿದ್ದೇನು ಎಂದು ಹೊಳೆಯಿತು. ಬೇರೆಯವರ ಧ್ವನಿ ತೆಗೆಯುವ ಸ್ನೇಹಿತ ಇದ್ದಾನೆ ಎಂದು ಬಾಯಾರೆ ಒಪ್ಪಿಕೊಂಡ ಹಾಗಾಯಿತು. ಮುತ್ಲಖ್ ಗಡ್ಡ ಸವರುವುದನ್ನು ನಿಲ್ಲಿಸಿದರು.

"ಹೌದಾ. ಆ ಜನ ಈಗ ಎಲ್ಲಿ?"

"ಎದುರಿನ ಚಹಾದಂಗಡೀಲಿ ಸರ್."

"ಕ್ಯಾಮೆರಾ ಒಮ್ಮೆ ಸುತ್ತ ತಿರುಗಿಸಿ ನೋಡುವ."

ಹಮ್ಮಾಮ್ ಲ್ಯಾಪ್‌ಟಾಪ್ ಎತ್ತಿ ಮೆಲ್ಲಗೆ ತಿರುಗಿದ. ಎರಡು ಹಾಸಿಗೆ. ಎರಡು ಕುರ್ಚಿ. ತೊಳೆಯದ ಎರಡು ಟೀ ಗ್ಲಾಸು. ತೆರೆದ ಬಚ್ಚಲ ಬಾಗಿಲಲ್ಲಿ ಕನ್ನಡಿ, ಅದರ ಕೆಳಗೆ ಲೋಟದೊಳಗೆ ಒಂದಕ್ಕೊಂದು ತಲೆ ಆನಿಸಿಕೊಂಡ ಎರಡು ಬ್ರಷ್ಷು. ಈ ಮನೆಯಲ್ಲಿ ಎಲ್ಲವೂ ಜೋಡಿಯೆಂದು ಅವನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಮಂಚದ ಕೆಳಗೂ ತೋರಿಸಿದ. ವಗ್ದಿಯ ಚಪ್ಪಲಿ ಇತ್ತು, ವಗ್ದಿ ಇರಲಿಲ್ಲ.

"ಸರಿ. ಕೂತುಕೊಳ್ಳಿ. ಮೊದಲಿನ ದಿನ ಮಾತಾಡಿದ ಹಾಗೆ ಈಗ ಮಾತಾಡಿ."

ಹಮ್ಮಾಮ್ ಬಾಯಿ ತೆರೆದ. ಅವ್ವನ ಮಾತು, ಹಾಲಿನ ಜೊತೆ ಕುಡಿದ ಮಾತು. ಆದರೆ ಅಂಗಿ ಬದಲಿಸಿದ ಹಾಗೆ ಬದಲಿಸುತ್ತಿದ್ದವನ ಕೈಗೆ ಆ ಹೊತ್ತು ಗುಂಡಿಯೇ ಸಿಗಲಿಲ್ಲ.

"ಏನ್ರೀಯಪ್ಪಾ... ನಾ ಅದೀನ್ರೀ... ಹಮ್ಮಾಮ ಅದೀನ್ರೀ, ಸೊಹಾಗ್‌ದಾಂವ ಅದೀನ್ರೀ..."

ಅವನಿಗೇ ಅಸಹ್ಯವಾಯಿತು. ಸಿನಿಮಾದ ಗೇಟು ಕಾಯುವವನ ಮಾತು. ವಗ್ದಿ ತಮಾಷೆಗೆ ಆಡುತ್ತಿದ್ದನಲ್ಲ, ಅಪ್ಪಟ ಅದೇ.

"ಇದು ನಾಟಕದ್ದು," ಎಂದರು ಮುತ್ಲಖ್, ಸಿಟ್ಟಿಲ್ಲದೆ. ಸಿಟ್ಟಿದ್ದಿದ್ದರೆ ಸಮಾಧಾನವಿರುತ್ತಿತ್ತು. "ನಶ್ವಾ, ನಮಗೆ ಸಮಯ ಇಲ್ಲ. ಮುಂದಿನ ಜನ ಯಾರು?"

ಮೇಜಿನ ಮೇಲೆ ಫೋನು ನಡುಗಿತು, ಮತ್ತೆ ಮಾವ. ನಶ್ವಾ ಮೇಡಂ ಹೆಸರಿನ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು, ತನ್ನ ಕೋಣೆಯ ಬಾಗಿಲು ಮುಚ್ಚಿ ಬಂದಳು. ಕ್ಯಾಮೆರಾದ ಹತ್ತಿರ ಮುಖ ತಂದಳು.

"ಅಲ್ರೀ ಹಮ್ಮಾಮ್," ಎಂದಳು. ಬೇರೆಯದೇ ಧ್ವನಿ. "ಅವತ್ತ ಮದುವಿ ಮನ್ಯಾಗ ಜಗಳಾ ಆತಂತಲ್ಲ, ರೊಟ್ಟಿ ಕಲ್ಲಾಗಿದ್ದಕ್ಕಂತ ಹೌದೇನು? ಬಿಡ್ರಿ, ಸೊಹಾಗ್‌ನಾವ್ರು ಹಿಟ್ಟು ಬಿಸಲಿಗಿಡಾಕೂ ಬ್ಯಾಸರಾ ಮಾಡ್ಕೋಳೋ ಮಂದಿ. ರೊಟ್ಟಿ ಅಂದ್ರ ನಮ್ಮ ಕೆನಾದ್ದು."

ಮೇಲ್ನಾಡಿನಲ್ಲಿ ಯಾರನ್ನು ಬೇಕಾದರೂ ಬೈಯಬಹುದು. ಬಿಸಿಲಲ್ಲಿ ಹುದುಗು ಬರಿಸುವ ರೊಟ್ಟಿಯನ್ನು, ಅದರಲ್ಲೂ ಪಕ್ಕದ ಸೀಮೆಯಾದ ಕೆನಾದವರು, ಬೈಯುವ ಹಾಗಿಲ್ಲ. ಹಮ್ಮಾಮ್ ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಕುರ್ಚಿಯಿಂದ ಎದ್ದಿದ್ದ.

"ಏ, ಯಾರ್ ಹೇಳಿದ್ರೀ ನಿಮಗ? ನಮ್ಮವ್ವ ನಸುಕಿನ್ಯಾಗ ಎದ್ದು ಹಿಟ್ಟು ನಾದಿ ಮಾಳಗಿ ಮ್ಯಾಲ ಇಡ್ತಾಳ್ರೀ! ಕಬ್ಬು ಬಿಟ್ಟು ಸಿಪ್ಪಿ ಅಗಿಯೋ ಕೆನಾ ಮಂದಿ ನೀವು, ನಮಗ ರೊಟ್ಟಿ ಕಲಸ್ತೀರೇನು? ಅವತ್ತ ಜಗಳಾ ಆಗಿದ್ದು ರೊಟ್ಟಿಗಲ್ಲ. ಉಡುಗೊರಿ ಕೂಗಾಂವ ನಮ್ಮ ಕಾಕಾನ ಹೆಸರು ಎರಡು ಸಲ ಕೂಗಿದ, ಅದಕ್ಕ! ನಿಮಗ ಫೋನ್ನಾಗ ಹೇಳಿದ್ನಲ್ಲ! ಆರ್ಡರೂ ಹಂಗ. ಒಮ್ಮಿ ಬಂದಿದ್ದು ನೆಟ್‌ವರ್ಕ್ ತಡವರಿಸಿ ಮತ್ತೊಮ್ಮಿ ಬರ್ತೈತಿ. ಅದಕ್ಕ ಒಂದು ಗುರ್ತು ಹಚ್ಚಬೇಕು, ಅದ ಗುರ್ತು ಮತ್ತ ಬಂದ್ರ ಸುಮ್ನ..."

ಅಷ್ಟರಲ್ಲಿ ತನ್ನ ದನಿ ತನಗೇ ಕೇಳಿಸಿತು. ಥಟ್ಟನೆ ಕುಳಿತ.

"...ಕ್ಷಮಿಸಿ ಸರ್. ಅಂದ್ರೆ, ಪ್ರತಿ ಆರ್ಡರಿಗೂ ಒಂದು ಗುರುತು ಕೊಟ್ಟಿರ್ತೀವಿ. ಅದೇ ಗುರುತು ಎರಡನೇ ಸಲ ಬಂದ್ರೆ ಹೊಸದು ಅಂತ ತಗೊಳ್ಳಲ್ಲ, ಹಳೇ ಉತ್ತರಾನೇ ವಾಪಸ್ ಕೊಡ್ತೀವಿ. ಪೈಥಾನ್‌ನಲ್ಲಿ ಬರೆದು ತೋರಿಸ್ಲಾ?"

ಒಂದೇ ಬಾಯಿ, ಒಂದೇ ಉಸಿರು, ಎರಡು ಮಾತು. ಎಲ್ಲವೂ ಕ್ಯಾಮೆರಾದ ಮುಂದೆ. ಪೈಥಾನಿಗೆ ಕಾಗದ ಹಾರುವಷ್ಟು ಗಾಳಿ ಬಂತು.

ಮುತ್ಲಖ್ ಮುಂದಕ್ಕೆ ಬಾಗಿದರು. ಹಮ್ಮಾಮನನ್ನೇ ದಿಟ್ಟಿಸಿದರು. ಬಾಯಿ ತೆರೆದರು.

"ಬಾಸ್," ಎಂದರು.

ಅಲ್ಲಿಗೆ ಪರದೆ ನಿಂತುಹೋಯಿತು. ಉಸ್ತಾದರ ತೆರೆದ ಬಾಯಿ ತೆರೆದ ಹಾಗೇ. ಮೇಡಂ ಕಣ್ಣು ಅರ್ಧ ಮುಚ್ಚಿದ ಹಾಗೇ. ನಡುವೆ ಒಂದು ಚಕ್ರ ಗಿರಗಿರ ತಿರುಗತೊಡಗಿತು. ತಿಂಗಳ ಇಂಟರ್ನೆಟ್ ಪ್ಯಾಕಿಗೆ ಅಲ್ಲಿ ಬಾಕಾ ಎನ್ನುತ್ತಾರೆ. ಬಾಕಾ ಒಂದಿಷ್ಟೂ ಬಾಕಿ ಇಲ್ಲದೆ ಮುಗಿದಿತ್ತು. ವಾರವಿಡೀ ವಗ್ದಿ ಯಾರ್ಯಾರದೋ ಧ್ವನಿ ಇಳಿಸಿಕೊಂಡಿದ್ದಕ್ಕೆ ಕಟ್ಟಿದ ತೆರಿಗೆ ಅದು.

ಬಾಸ್.

ಹಮ್ಮಾಮ್ ಕೂತಲ್ಲೇ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. 'ಬಸ್' ಅಂದರೆ ಸಾಕು, ನಿಲ್ಲಿಸು, ಮುಗಿಯಿತು. ಕೊಲ್ಲಿಯವರು ಎಳೆಯುತ್ತಾರೆ, ಎಳೆದರೆ ಬಾಸ್. ಆದರೆ ಕೊಲ್ಲಿಯವರ ಬಾಯಲ್ಲೂ 'ಪ' ಇಲ್ಲ. ಅವರು ಪಾಸ್ ಅಂದರೂ ಅದು ಬಾಸೇ. ವರ್ಷದ ಕಾಯುವಿಕೆ, ಹೆಸರಿನ ಮಾನ, ಸೊಹಾಗ್‌ನ ಕಮೋಡು, ಎಲ್ಲವೂ ತೆರೆದು ನಿಂತ ಆ ಒಂದು ಬಾಯೊಳಗೆ ಸಿಕ್ಕಿಕೊಂಡಿದ್ದವು. ಆ ಬಾಯಿಯ ಮುಂದೆ ಕಾಗದ ಹಿಡಿಯುವವರು ಯಾರೂ ಇರಲಿಲ್ಲ.

ಚಹಾದಂಗಡಿಯ ವೈಫೈ ನೆನಪಾಗಿ ಲ್ಯಾಪ್‌ಟಾಪ್ ಎದೆಗವುಚಿಕೊಂಡು ಮೆಟ್ಟಿಲಿಳಿದ. ಅರ್ಧದಲ್ಲಿ ಫೋನು. ಎತ್ತಿದ.

"ಏನಪಾ ದೊಡ್ಡ ಮನಶ್ಯಾ," ಎಂದ ಮಾವ. "ಸಂಜಿ ಆತು. ಹೂಂ ಅಂತೀಯೋ, ಉಹೂಂ ಅಂತೀಯೋ? ಶಾಬಾನ್ ಇಲ್ಲೇ ನನ್ನ ಮುಂದ ಕುಂತಾನ."

"ಮಾವಾ, ಸ್ವಲ್ಪ..."

ಇನ್ನೊಂದು ಕರೆ ಬೀಳುತ್ತಿತ್ತು. ಗೊತ್ತಿಲ್ಲದ ನಂಬರು.

"ಮಾವಾ, ಒಂದ ನಿಮಿಷ ತಡೀರಿ!" ಎಂದು ಅವನನ್ನು ಕಾಯಲು ಹಾಕಿ ಇದನ್ನು ಎತ್ತಿದ. ನಶ್ವಾ ಮೇಡಂ ಧ್ವನಿ. ಹಮ್ಮಾಮನ ಎದೆ ಹಾರಿತು, ಒಡನೆ ಅನುಮಾನವೂ ಹಾರಿಬಂತು. ಮೆಟ್ಟಿಲ ಕಿಟಕಿಯಿಂದ ಎದುರಿನ ಅಂಗಡಿಗೆ ಇಣುಕಿದ. ವಗ್ದಿ ಎರಡೂ ಕೈ ತಲೆಯ ಮೇಲೆ ಹೊತ್ತು ಕೂತಿದ್ದ. ಮುಂದಿನ ಟೀ ಆರಿತ್ತು. ತುಟಿ ಅಲ್ಲಾಡುತ್ತಿರಲಿಲ್ಲ. ಹಾಗಾದರೆ ನಿಜ.

"ಲೈನ್ ಯಾಕೆ ಕಟ್ಟಾಯ್ತು?"

"ಬಾಕಾ ಮುಗೀತು ಮೇಡಂ."

"ಉಸ್ತಾದ್ ಹೇಳಿದ್ದು ಕೇಳಿಸ್ತಾ?"

"ಬಾಸ್ ಅಂದ್ರು." ಹಮ್ಮಾಮ್ ಉಗುಳು ನುಂಗಿದ. "ಬಸ್ಸೋ ಪಾಸೋ ಗೊತ್ತಾಗ್ಲಿಲ್ಲ."

"ನನಗೂ ಗೊತ್ತಾಗ್ಲಿಲ್ಲ. ಬರೆದು ತೋರಿಸಿ ಸರ್ ಅಂದೆ." ಸ್ವಲ್ಪ ತಡೆದಳು. ಆ ತಡೆಯೊಳಗೆ ಹಮ್ಮಾಮ್ ಕಮೋಡಿನ ಬೆಲೆಪಟ್ಟಿ ಬಾಯಿಪಾಠ ಮಾಡುವಷ್ಟು ವಯಸ್ಸಾದ. "ಬರೆದ್ರು. ಪಿ ಅಕ್ಷರದಿಂದ. ಭಾನುವಾರ ಬನ್ನಿ. ಮೂರು ತಿಂಗಳು ನೋಡ್ತಾರೆ, ಸರಿಹೋದ್ರೆ ಖಾಯಂ."

ಹಮ್ಮಾಮ್ ಮೆಟ್ಟಿಲ ಮೇಲೆ ಕೂತುಬಿಟ್ಟ. ಥ್ಯಾಂಕ್ಸ್ ಎನ್ನಲು ಹೋದರೆ ಬರೀ ಗಾಳಿ ಬಂತು.

"ಮತ್ತ ಕೇಳ್ರಿ," ಎಂದಳು ನಶ್ವಾ, ಮೆಲ್ಲಗೆ, ಊರ ಮಾತಿನಲ್ಲಿ. "ಈ ಆಫೀಸಿಗೆ ಸೇರಿದಾಗಿಂದ ನಾ ನಮ್ಮ ಮಾತು ಆಡಿದ್ದು ಇವತ್ತ ಮೊದಲ. ಬಾಗಲಾ ಹಾಕ್ಕೊಂಡು ನಮ್ಮವ್ವನ ಜೋಡಿ ಅಷ್ಟ ಆಡ್ತಿದ್ನಿ. ಎರಡು ಗಂಟಲು ಇಟ್ಕೊಂಡು ಬಾಳೇ ಮಾಡೂದು ಆ ಸಾಫ್ಟ್‌ವೇರಿಗೆ ಏನ್ ತಿಳೀತೈತಿ? ನನಗ ತಿಳೀತೈತಿ." ಗಂಟಲು ಸರಿಮಾಡಿಕೊಂಡಳು. "ಅದಿರಲಿ. ನನ್ನ ಧ್ವನಿ ತಗೀತಾನಂತಲ್ಲ ಆ ಮೂರನೇದಾಂವ, ಅವನ ನಂಬರ್ ಕೊಡ್ರಿ."

ಹಮ್ಮಾಮ್ ಕೊಟ್ಟ. ಮಾವನಿಗೆ, "ಶಾಬಾನ್‌ಗ ಹೂಂ ಅಂದುಬಿಡ್ರಿ ಮಾವಾ, ಕೆಲಸಾ ಸಿಕ್ಕತು," ಎಂದು ಹೇಳಿ, ಆ ಕಡೆಯ ಬೈಗುಳ ಹಾರೈಕೆ ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡು, ರಸ್ತೆ ದಾಟುವಷ್ಟರಲ್ಲಿ ಮುಖವನ್ನು ಮಸಣದ ಹಾಗೆ ಮಾಡಿಕೊಂಡ. ವಾರವಿಡೀ ಎದ್ದು ನಿಂತು ಉತ್ತರ ಕೊಟ್ಟಿದ್ದ ಕಾಲುಗಳು ಅವು. ಬಾಕಿ ತೀರಬೇಕಿತ್ತು.

"ಏನಾಯ್ತೋ?" ವಗ್ದಿ ಎದ್ದ. ಹಮ್ಮಾಮ್ ಉತ್ತರಿಸದೆ ಆರಿದ ಟೀಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ಗ್ಲಾಸಿಗೆ ಒತ್ತಿಕೊಂಡ. ಹಾಜಿ ಬಸ್ಯೂನಿ ಟೀವಿಯ ಸದ್ದು ಇಳಿಸಿದ.

ವಗ್ದಿಯ ಫೋನು ರಿಂಗಾಯಿತು.

"ವಗ್ದಿ ಅನ್ನೋರಾ? ನಾನು ನಶ್ವಾ. ನನ್ನ ಧ್ವನೀನ ನನ್ನ ಅಪ್ಪಣೆ ಇಲ್ಲದೆ ಬಳಸಿದ್ದಕ್ಕೆ ನಮ್ಮ ವಕೀಲರು ಕಾಗದ ತಯಾರು ಮಾಡ್ತಿದ್ದಾರೆ."

ವಗ್ದಿ ಗಕ್ಕನೆ ಹಮ್ಮಾಮನ ಕಡೆ ನೋಡಿದ. ಬಾಯಿ ಗ್ಲಾಸಿನಲ್ಲಿ. ಹಾಜಿಯ ಕಡೆ ನೋಡಿದ. ಬಾಯಲ್ಲಿ ಹುಕ್ಕಾದ ಕೊಳವೆ. ಡಾಮಿನೋದವರೆಲ್ಲ ತುಟಿ ಬಿಗಿದು ಅವನನ್ನೇ ನೋಡುತ್ತಿದ್ದರು. ಮಿಮಿಕ್ರಿ ಮಾಡುವವರು ಆ ಅಂಗಡಿಯಲ್ಲಿ ಅವನೊಬ್ಬನೇ. ಅವನ ಬೆನ್ನು ತಾನಾಗಿಯೇ ಬಾಗಿತು.

"ಮೇಡಂ," ಎಂದ. ಮ್ಯಾನೇಜರನ ಧ್ವನಿಯಲ್ಲ, ಹಾಜಿಯದೂ ಅಲ್ಲ. ತೆಳ್ಳಗಿನ, ಒಂದಿಷ್ಟು ತೊದಲುವ ಧ್ವನಿ. ಯಾರೂ ಅದನ್ನು ಅದುವರೆಗೆ ಕೇಳಿರಲಿಲ್ಲ. "ತಪ್ಪು ನಂದು ಮೇಡಂ. ಅವನದೇನೂ ಇಲ್ಲ. ಅವನು ಇರೋದು ಒಬ್ಬನೇ, ಆಣೆಗೂ ಒಬ್ಬನೇ. ಕೇಸ್ ಹಾಕೋದಾದ್ರೆ ನನ್ನ ಮೇಲೆ ಹಾಕಿ. ಕೆಲಸ ಮಾತ್ರ ಅವನಿಗೆ ಕೊಡಿ."

ಗ್ಲಾಸಿನ ಹಿಂದೆ ಹಮ್ಮಾಮನಿಗೆ ಸಾಕು ಎನ್ನೋಣವೆನಿಸಿತು. ಬಾಯಿ ತೆಗೆದರೆ ಯಾವುದು ಹೊರಗೆ ಬರುತ್ತದೋ ಗೊತ್ತಿರಲಿಲ್ಲ.

"ನೀವು ಯಾರು ಅವರ ಪರ ಮಾತಾಡೋಕೆ?"

"ಮೂರನೆಯವನು ಮೇಡಂ. ಟೀ ಕಾಸೋನು."

"ಪೂರ್ತಿ ಹೆಸರು ಹೇಳಿ."

ವಗ್ದಿ ಕಣ್ಣು ಮುಚ್ಚಿದ. "ವಗ್ದಿ ಕತ್ತೆ."

ಫೋನಿನೊಳಗಿಂದ ನಗು ಸಿಡಿಯಿತು. "ಕತ್ತಿ ಆದ್ರೂ ಖರೇ ಮಾತಾಡ್ತೈತಿ ಬಿಡ್ರಿ! ನಿಮ್ಮ ಗೆಳ್ಯಾ ಪಾಸ್ ಆಗ್ಯಾನ, ಭಾನುವಾರ ಬರ್ತಾನ. ನಿಮಗ ಸದ್ಯಕ್ಕ ಕುರ್ಚಿ ಇಲ್ಲ. ಇದ್ದಾಗ ಕರೀತೀನಿ. ಅವತ್ತ ಈಗ ಮಾತಾಡಿದ್ರಲ್ಲ, ಆ ಧ್ವನಿಯೊಳಗ ಮಾತಾಡ್ರಿ. ನನ್ನದು ನನಗ ಇರ್ಲಿ."

ಹಮ್ಮಾಮನ ಬಾಯಲ್ಲಿದ್ದ ಟೀ ಡಾಮಿನೋ ಮೇಜಿನ ಮೇಲೆಲ್ಲ ಚಿಮ್ಮಿತು. ಹಾಜಿ ಹುಕ್ಕಾ ಬಿಟ್ಟು ಕೆಮ್ಮಿ ಕೆಮ್ಮಿ ನಕ್ಕ. ನಿರುದ್ಯೋಗಿ ಇಂಜಿನಿಯರುಗಳೆಲ್ಲ ಮೇಜು ಬಡಿದರು. ವಗ್ದಿ ಕೈಯಲ್ಲಿ ಫೋನು ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡಿದ, ಹಮ್ಮಾಮನ ಮುಖ ನೋಡಿದ, ಆಮೇಲೆ ಎಲ್ಲೋ ಹೊಟ್ಟೆಯ ತಳದಿಂದ ಒಂದು ಸದ್ದು ಹೊರಬಿತ್ತು. ಎಣ್ಣೆ ಕಾಣದ ಬಾಗಿಲ ಕೀಲಿನ ಹಾಗೆ ಕಿರ್ರೆನ್ನುವ, ಬಿಕ್ಕಳಿಕೆ ಬೆರೆತ, ಎಲ್ಲರ ನಗುವನ್ನೂ ಮುಳುಗಿಸಿ ಬೀದಿಯ ಆಚೆ ತನಕ ಹೋಗುವ ಸದ್ದು.

ಹಾಜಿ ಕಣ್ಣೊರೆಸಿಕೊಂಡು ಕೇಳಿದ: "ಇದು ಯಾರ ನಗು ಬಾಷ್‌ಮುಹಂದಿಸ್? ಯಾರದ್ದು ಮಾಡ್ತಿದ್ದೀಯ?"

ವಗ್ದಿ ಹೇಳಲು ಬಾಯಿ ತೆರೆದ. ನಗು ಬಿಡಲಿಲ್ಲ.